ಪಾಳಿಯ ಪಾಠ: ಅವಳಿ ನಗರದ ಮಕ್ಕಳು ಕೂಡಿ ಕಲಿತ ಕಥೆ



ಹುಬ್ಬಳ್ಳಿಯದಾಗಲಿ ಧಾರವಾಡದ್ದಾಗಲಿ, ಯಾವುದಾದರೊಂದು ಓಣಿಯ ಅಂಗನವಾಡಿಯ ಮುಂದೆ ಬೆಳಗಿನ ಹೊತ್ತು ಐದು ನಿಮಿಷ ನಿಂತು ನೋಡಿ. ಒಳಗೆ ಇಪ್ಪತ್ತು ಮಕ್ಕಳಿರುತ್ತಾರೆ, ಆಟಿಕೆಗಳು ಐದೋ ಆರೋ ಇರುತ್ತವೆ. ಒಬ್ಬ ಹುಡುಗ ಬಣ್ಣದ ಚೆಂಡನ್ನು ಎದೆಗವಚಿಕೊಂಡಿರುತ್ತಾನೆ. ಎದುರಿಗೆ ನಿಂತ ಹುಡುಗಿ ದೂರು ಒಯ್ಯುತ್ತಾಳೆ: "ಅಕ್ಕೋರ, ಈಗ ನನ್ನ ಪಾಳಿ ಐತಿ. ಅಂವ ಕೊಡವಲ್ಲ ನೋಡ್ರಿ." ಅಕ್ಕೋರು ಚೆಂಡನ್ನು ಕಸಿದು ಕೊಡುವುದಿಲ್ಲ. "ಅಂವ ಇನ್ನ ಎರಡು ಸಲ ಎಸೀಲಿ, ಆಮ್ಯಾಲ ನಿನ್ನ ಪಾಳಿ. ನಿನ್ನ ಹಿಂದ ಯಾರದಾರ, ನೀನ ಹೇಳು" ಎನ್ನುತ್ತಾರೆ. ಹುಡುಗಿ ಹಿಂತಿರುಗಿ ನೋಡುತ್ತಾಳೆ. ತನ್ನ ಹಿಂದೆಯೂ ಒಬ್ಬರು ಕಾಯುತ್ತಿದ್ದಾರೆ ಎಂಬುದು ಅವಳಿಗೆ ಆಗ ತಿಳಿಯುತ್ತದೆ.

ಈ ಪುಟ್ಟ ಘಟನೆಯಲ್ಲಿ ಒಂದು ದೊಡ್ಡ ಪಾಠವಿದೆ. 'ಪಾಳಿ' ಎಂದರೆ ಸರದಿ. ತನ್ನ ಪಾಳಿಗಾಗಿ ಕಾಯುವುದು, ಬಂದ ಪಾಳಿಯನ್ನು ಕೇಳಿ ಪಡೆಯುವುದು, ಮುಗಿದ ಮೇಲೆ ಇನ್ನೊಬ್ಬರಿಗೆ ಬಿಟ್ಟುಕೊಡುವುದು - ಸಾಮಾಜಿಕ ನಡವಳಿಕೆ ಎಂದು ಶಿಕ್ಷಣತಜ್ಞರು ಕರೆಯುವ ವಿಷಯದ ತಿರುಳು ಬಹುಮಟ್ಟಿಗೆ ಇಷ್ಟೇ. ಮಾತನಾಡುವುದು, ಕೇಳಿಸಿಕೊಳ್ಳುವುದು, ಹಂಚಿಕೊಳ್ಳುವುದು, ಜಗಳವಾಡಿ ಮತ್ತೆ ಕೂಡುವುದು - ಎಲ್ಲವೂ ಇದರ ಕವಲುಗಳು. ಹುಟ್ಟುವಾಗಲೇ ಯಾವ ಮಗುವೂ ಇದನ್ನು ಕಲಿತು ಬರುವುದಿಲ್ಲ. ಬೇರೆ ಮಕ್ಕಳ ನಡುವೆ ಇದ್ದು ಮಾತ್ರ ಕಲಿಯುತ್ತದೆ.

ಹಾಗಾದರೆ ನಮ್ಮ ಮಕ್ಕಳು ಈ ಪಾಠವನ್ನು ಎಲ್ಲಿ ಕಲಿತರು? ಯಾರು ಕಲಿಸಿದರು? ಯಾವ ಮಕ್ಕಳಿಗೆ ಪಾಳಿ ಸಿಕ್ಕಿತು, ಯಾವ ಮಕ್ಕಳಿಗೆ ಸಿಗಲಿಲ್ಲ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಹುಬ್ಬಳ್ಳಿ-ಧಾರವಾಡದ ಇತಿಹಾಸದ ಒಂದು ಮುಖ್ಯವಾದ ಎಳೆ ಸಿಗುತ್ತದೆ. ಅದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಂಗಳವೇ ಶಾಲೆ

ಶಾಲೆಗಳು ಬರುವ ಮೊದಲು ಮನೆಯ ಅಂಗಳ, ಓಣಿಯ ಕಟ್ಟೆ, ಗುಡಿಯ ಮುಂದಿನ ಬಯಲು ಇವೇ ಸಣ್ಣ ಮಕ್ಕಳ ಶಾಲೆಗಳಾಗಿದ್ದವು. ಉತ್ತರ ಕರ್ನಾಟಕದ ಹಬ್ಬಗಳನ್ನು ಗಮನಿಸಿ. ಅವುಗಳಲ್ಲಿ ಎಷ್ಟೋ ಆಚರಣೆಗಳು ಮಕ್ಕಳ ಕೈಯಲ್ಲಿವೆ. ಮುಂಗಾರು ಆರಂಭವಾಗುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮಕ್ಕಳು ಎರೆಮಣ್ಣು ತಂದು ಎತ್ತುಗಳನ್ನು ಮಾಡುತ್ತಾರೆ. ಒಬ್ಬರು ಮಣ್ಣು ಹದಮಾಡಿದರೆ ಇನ್ನೊಬ್ಬರು ಕೋಡು ಮೂಡಿಸುತ್ತಾರೆ, ಮತ್ತೊಬ್ಬರು ಗೋದಲಿ ಕಟ್ಟುತ್ತಾರೆ. ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ ಜೋಳ ಕೇಳುವ ಪದ್ಧತಿಯೂ ಇದೆ.

ನಾಗರಪಂಚಮಿ ಬಂದಿತೆಂದರೆ ಬೇವಿನ ಮರಕ್ಕೋ ಹುಣಸೆಯ ಮರಕ್ಕೋ ಜೋಕಾಲಿ ಬೀಳುತ್ತದೆ. ಜೋಕಾಲಿ ಒಂದೇ, ಜೀಕುವವರು ಹಲವರು. ಸಣ್ಣವರಿಗೆ ಮೊದಲ ಪಾಳಿ ಕೊಡಬೇಕು, ಜೀಕಿ ಇಳಿದವರು ಮುಂದಿನವರನ್ನು ತೂಗಬೇಕು. ಮನೆಯಲ್ಲಿ ಕಟ್ಟಿದ ಎಳ್ಳುಂಡಿ, ಶೇಂಗಾದ ಉಂಡಿ, ಹುರಿದ ಅಳ್ಳು ನೆರೆಮನೆಗಳಿಗೆ ಹೋಗುವುದು ಬಹುಮಟ್ಟಿಗೆ ಮಕ್ಕಳ ಕೈಯಿಂದಲೇ. ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತು ಹೇಗೆ ಕರೆಯಬೇಕು, ಯಾರಿಗೆ ಕಾಕಾ ಎನ್ನಬೇಕು, ಯಾರಿಗೆ ಅಬಚಿ ಎನ್ನಬೇಕು ಎಂಬುದನ್ನು ಮಗು ಕಲಿಯುವುದು ಇಂಥ ಓಡಾಟದಲ್ಲಿ.

ಮಳೆ ಹೋದ ವರ್ಷಗಳಲ್ಲಿ ಹುಡುಗರು ಗುರ್ಜಿ ಆಡುತ್ತಿದ್ದರು. ಒಬ್ಬನು ತಲೆಯ ಮೇಲೆ ರೊಟ್ಟಿಯ ಹಂಚನ್ನು ಬೋರಲಾಗಿ ಹೊತ್ತು, ಅದರ ಮೇಲೆ ಸಗಣಿಯ ಗುರ್ಜಿಯನ್ನಿಟ್ಟುಕೊಂಡು ಮನೆಯಿಂದ ಮನೆಗೆ ನಡೆಯುತ್ತಾನೆ. ಉಳಿದವರು ಹಾಡುತ್ತಾರೆ. ಮನೆಯಾಕೆ ಒಂದು ತಂಬಿಗೆ ನೀರು ಸುರಿದಾಗ ಹೊತ್ತವನು ಗರಗರ ತಿರುಗುತ್ತಾನೆ. ಸಿಕ್ಕ ಹಿಟ್ಟು, ಕಾಳುಗಳನ್ನು ಒಟ್ಟುಮಾಡಿ ಅಡಿಗೆ ಮಾಡಿಸಿ ಎಲ್ಲರೂ ಉಣ್ಣುತ್ತಾರೆ. ಹೊರುವವನು ಒಬ್ಬ, ಹಾಡುವವರು ಕೆಲವರು, ಚೀಲ ಹಿಡಿಯುವವನು ಇನ್ನೊಬ್ಬ. ಕೆಲಸ ಬೇರೆಬೇರೆ, ಊಟದ ಪಾಲು ಮಾತ್ರ ಸಮ. ಇದನ್ನು ಕಲಿಸಲು ಯಾವ ಗುರುವೂ ಬೇಕಾಗಿರಲಿಲ್ಲ.

ಹಳೆಯ ಕಾಲದ ಗಾಂವಠಿ ಶಾಲೆಗಳಲ್ಲಿಯೂ ಈ ಗುಣದ ಒಂದು ಅಂಶ ಉಳಿದಿತ್ತು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ವಿವರವನ್ನು ಸರಕಾರಕ್ಕೆ ಕಳುಹಿಸಿದನು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರೆಂದು ಅದರಲ್ಲಿದೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಮುಂದಿನ ಪಾಠ ಬಲ್ಲವರು ಹಿಂದಿನವರಿಗೆ ಕಲಿಸುತ್ತಿದ್ದರು. ಹಿರಿಯ ಮಗು ಕಿರಿಯ ಮಗುವಿನ ಕೈಹಿಡಿದು ತಿದ್ದಿಸುವ ಈ ಪದ್ಧತಿಯನ್ನು ಆತನು ಮೆಚ್ಚಿಕೊಂಡಿದ್ದಾನೆ. ಅಕ್ಷರದ ಜೊತೆಗೆ ತಾಳ್ಮೆಯನ್ನೂ ಅದು ಕಲಿಸುತ್ತಿತ್ತು.

ಆದರೆ ಈ ಸುಂದರವಾದ ಚಿತ್ರಕ್ಕೆ ಇನ್ನೊಂದು ಮಗ್ಗುಲು ಇದೆ. ಅದನ್ನು ಮುಚ್ಚಿಟ್ಟರೆ ಇತಿಹಾಸಕ್ಕೆ ಅಪಚಾರ ಮಾಡಿದಂತಾಗುತ್ತದೆ. ಆ ಅಂಗಳಗಳಿಗೆ ಗೋಡೆಗಳಿದ್ದವು. ಒಂದೊಂದು ಕೇರಿಯ ಮಕ್ಕಳು ಆ ಕೇರಿಯಲ್ಲಿಯೇ ಕೂಡಿ ಆಡುತ್ತಿದ್ದರು. ಕೆಲವು ಕೇರಿಗಳ ಮಕ್ಕಳು ಊರ ನಡುವಿನ ಜೋಕಾಲಿಯನ್ನು ದೂರದಿಂದ ನೋಡಬಹುದಿತ್ತೇ ಹೊರತು ಅದರ ಹಗ್ಗ ಮುಟ್ಟುವಂತಿರಲಿಲ್ಲ. ಅವರ ಪಾಳಿ ಎಂದೂ ಬರುತ್ತಿರಲಿಲ್ಲ.

1856ರ ಜೂನ್ ತಿಂಗಳು

1818ರಲ್ಲಿ ಪೇಶವೆಗಳ ಆಡಳಿತ ಮುಗಿದ ಮೇಲೆ ಧಾರವಾಡ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು ಮುಂಬಯಿ ಪ್ರಾಂತಕ್ಕೆ ಸೇರಿತು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆಸಿದರು. 1854ರಲ್ಲಿ ಚಾರ್ಲ್ಸ್ ವುಡ್ ಎಂಬವನ ಹೆಸರಿನಲ್ಲಿ ಪ್ರಸಿದ್ಧವಾದ ಶಿಕ್ಷಣ ಆಜ್ಞಾಪತ್ರ ಬಂದಿತು. ಜನಸಾಮಾನ್ಯರಿಗೆ ಶಿಕ್ಷಣ ಕೊಡುವುದು ಸರಕಾರದ ಹೊಣೆ ಎಂಬ ಮಾತು ಅದರಲ್ಲಿತ್ತು. ಆ ಮಾತಿಗೆ ಬೆಲೆ ಎಷ್ಟು ಎಂಬುದನ್ನು ಪರೀಕ್ಷಿಸುವ ಸಂದರ್ಭವು ಎರಡೇ ವರ್ಷಗಳಲ್ಲಿ ನಮ್ಮ ಧಾರವಾಡದಲ್ಲಿಯೇ ಬಂದಿತು.

1856ರ ಜೂನ್ ತಿಂಗಳಲ್ಲಿ, ಆಗ ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಹಾರ ಸಮುದಾಯದ ಬಾಲಕನೊಬ್ಬನು ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ಬೇಕೆಂದು ಕೇಳಿದನು. ಪ್ರವೇಶ ಸಿಗಲಿಲ್ಲ. ವಿಷಯವು ಮುಂಬಯಿ ಸರಕಾರದವರೆಗೆ ಹೋಯಿತು. 1856ರ ಜುಲೈ 21ರಂದು ಸರಕಾರವು ತನ್ನ ನಿರ್ಣಯವನ್ನು ತಿಳಿಸಿತು. ನ್ಯಾಯವು ಅರ್ಜಿದಾರನ ಕಡೆಗಿದೆ ಎಂದು ಸರಕಾರವೇ ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ಬಹುಕಾಲದ ಪೂರ್ವಗ್ರಹಗಳ ಮೇಲೆ ಒಮ್ಮೆಲೇ ಕೈಮಾಡಿದರೆ ಶಿಕ್ಷಣದ ಕಾರ್ಯಕ್ಕೇ ಧಕ್ಕೆಯಾದೀತು ಎಂದು ಹೇಳಿ ಕೈತೊಳೆದುಕೊಂಡಿತು. ಅಂದರೆ ಆ ಬಾಲಕನಿಗೆ ಸಿಕ್ಕ ಉತ್ತರ - ನಿನ್ನ ಮಾತು ನ್ಯಾಯವಾದದ್ದು, ಆದರೆ ನೀನು ಕಾಯಬೇಕು.

ಪ್ರಕರಣ ಅಷ್ಟಕ್ಕೇ ನಿಲ್ಲಲಿಲ್ಲ. 1857ರ ಜನವರಿಯಲ್ಲಿ ಕಲಕತ್ತೆಯ ಭಾರತ ಸರಕಾರವು, ಮುಂಬಯಿಯವರು ವಿವೇಕದಿಂದಲೇ ನಡೆದುಕೊಂಡಿರಬಹುದು, ಆದರೆ ಬಂಗಾಲದ ಸರಕಾರಿ ಶಾಲೆಯಲ್ಲಾಗಿದ್ದರೆ ಆ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂಬ ಅಭಿಪ್ರಾಯ ಕಳುಹಿಸಿತು. ಕೊನೆಗೆ 1858ರ ಏಪ್ರಿಲ್ 28ರಂದು ಲಂಡನ್ನಿನ ನಿರ್ದೇಶಕ ಮಂಡಳಿಯು ಸರಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಕಂಪನಿಯ ಆಡಳಿತವೇ ಮುಗಿಯಿತು. ತತ್ತ್ವ ಮಾತ್ರ ಉಳಿಯಿತು. ಧಾರವಾಡದ ಒಬ್ಬ ಬಾಲಕನ ಅರ್ಜಿಯಿಂದ ಇಡೀ ದೇಶದ ಶಿಕ್ಷಣಕ್ಕೆ ಸಂಬಂಧಿಸಿದ ತತ್ತ್ವವೊಂದು ಕಾಗದದ ಮೇಲೆ ಸ್ಥಿರವಾಯಿತು. ಇತಿಹಾಸ ಅವನನ್ನು ಅವನ ಜಾತಿಯ ಹೆಸರಿನಿಂದಲೇ ನೆನಪಿಟ್ಟಿದೆ ಎಂಬುದು ಈ ಕಥೆಯ ಕಹಿ ಭಾಗ.

ಈಗ ಒಂದು ಕ್ಷಣ ಯೋಚಿಸಿ. ಆ ದಿನ ಹೊರಗೆ ನಿಂತ ಬಾಲಕನಿಗೆ ಅನ್ಯಾಯವಾಯಿತು, ಇದು ಎಲ್ಲರಿಗೂ ಕಾಣುವ ಸಂಗತಿ. ಆದರೆ ಒಳಗೆ ಕುಳಿತ ಮಕ್ಕಳೂ ಒಂದು ಪಾಠ ಕಲಿತರು. ನಮ್ಮಂಥದೇ ಒಂದು ಮಗುವನ್ನು ಹೊರಗೆ ನಿಲ್ಲಿಸಬಹುದು, ಅದನ್ನು ಹಿರಿಯರೂ ಸರಕಾರವೂ ಒಪ್ಪಬಹುದು ಎಂಬ ಪಾಠ. ಯಾವ ಪುಸ್ತಕದಲ್ಲಿಯೂ ಅದು ಬರೆದಿರಲಿಲ್ಲ. ಸಣ್ಣ ಮಕ್ಕಳು ನಡವಳಿಕೆಯನ್ನು ಉಪದೇಶದಿಂದ ಕಲಿಯುವುದು ಕಡಿಮೆ. ತಮ್ಮ ಪಕ್ಕದಲ್ಲಿ ಯಾರಿದ್ದಾರೆ, ಯಾರಿಲ್ಲ, ಹಿರಿಯರು ಯಾರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡಿ ಕಲಿಯುತ್ತವೆ.

ತತ್ತ್ವ ಒಪ್ಪಿತವಾದ ಮೇಲೂ ಆಚರಣೆ ಬರಲು ಬಹಳ ಕಾಲ ಹಿಡಿಯಿತು. ಬಾಗಿಲು ತೆರೆದ ಕಡೆಗಳಲ್ಲಿಯೂ ದಲಿತ ಮಕ್ಕಳನ್ನು ಜಗಲಿಯ ಮೇಲೆ, ಮೂಲೆಯಲ್ಲಿ ಬೇರೆಯಾಗಿ ಕೂಡಿಸುತ್ತಿದ್ದರು. ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಅಂಬೇಡ್ಕರ್ ಮನೆಯಿಂದ ಗೋಣಿತಟ್ಟು ಒಯ್ದು ಅದರ ಮೇಲೆ ಬೇರೆ ಕೂಡಬೇಕಾಗಿದ್ದ ಸಂಗತಿ ನಿಮಗೆ ಗೊತ್ತೇ ಇದೆ. ಮುಂದೆ 1928ರಲ್ಲಿ ಮುಂಬಯಿ ಪ್ರಾಂತದ ದಲಿತರ ಶಿಕ್ಷಣ ಸ್ಥಿತಿಯನ್ನು ಕುರಿತು ಸೈಮನ್ ಆಯೋಗಕ್ಕೆ ಹೇಳಿಕೆ ಸಲ್ಲಿಸುವಾಗ ಅಂಬೇಡ್ಕರರು ಈ ಧಾರವಾಡದ ಪ್ರಕರಣವನ್ನೇ ಎತ್ತಿ ತೋರಿಸಿದರು. ದಲಿತ ಮಕ್ಕಳಿಗೆ ಪ್ರವೇಶ ನಿರಾಕರಿಸುವ ಅನುದಾನಿತ ಶಾಲೆಗಳಿಗೆ ಸರಕಾರಿ ಹಣ ಸಿಗದೆಂದು ಮುಂಬಯಿ ಸರಕಾರ ಘೋಷಿಸಿದ್ದು 1923ರಲ್ಲಿ. ಧಾರವಾಡದ ಆ ಅರ್ಜಿಯಿಂದ ಇಲ್ಲಿಗೆ 67 ವರ್ಷಗಳು.

ಬಾಗಿಲು ತೆರೆದವರು

ಇಂಥ ಗೋಡೆಗಳು ಸರಕಾರದ ಆಜ್ಞೆಯಿಂದ ಮಾತ್ರ ಬೀಳುವುದಿಲ್ಲ. ಊರಿನ ಜನ ಮುಂದೆ ಬರಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಅಂಥವರು ಬಂದರು.

ಮೊದಲನೆಯದಾಗಿ ಕನ್ನಡ ಶಾಲೆಗಳನ್ನು ಬೆಳೆಸಿದವರನ್ನು ನೆನೆಯಬೇಕು. ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಊರೂರು ತಿರುಗಿ ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಧಾರವಾಡದಲ್ಲಿ ಹುಟ್ಟಿತು. ಇದಕ್ಕೂ ಮಕ್ಕಳ ಸಾಮಾಜಿಕ ಬೆಳವಣಿಗೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಮನೆಯ ಮಾತು ಶಾಲೆಯಲ್ಲಿ ನಡೆಯದಿದ್ದರೆ ಸಣ್ಣ ಮಗು ಬಾಯಿ ಮುಚ್ಚಿಕೊಂಡು ಕೂಡುತ್ತದೆ. ಮಾತು ಬಾರದ ಕಡೆ ಸ್ನೇಹವೂ ಬೆಳೆಯುವುದಿಲ್ಲ, ಜಗಳವನ್ನು ಮಾತಿನಿಂದ ಬಗೆಹರಿಸಿಕೊಳ್ಳಲೂ ಆಗುವುದಿಲ್ಲ.

ಎರಡನೆಯದು ಸ್ವಾತಂತ್ರ್ಯ ಚಳವಳಿಯ ಕಾಲ. ಧಾರವಾಡದಲ್ಲಿ 1889ರಲ್ಲಿ ಜನಿಸಿದ ಡಾ. ನಾ.ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. 1923ರ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ರೂಪುಗೊಂಡ ಈ ಸಂಸ್ಥೆಯ ಕೇಂದ್ರ ಹುಬ್ಬಳ್ಳಿಯಾಗಿತ್ತು. ಕವಾಯತು, ಶಿಬಿರ, ಸ್ವಚ್ಛತೆ, ಸರಳ ಜೀವನ ಇವುಗಳ ಮೂಲಕ ತರುಣರು ಕೂಡಿ ದುಡಿಯುವುದನ್ನು ಕಲಿತರು. ಸೇವಾದಳದ ಮಹಿಳಾ ವಿಭಾಗದ ಹೊಣೆ ಹೊತ್ತವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು.

ಉಮಾಬಾಯಿಯವರ ಜೀವನವನ್ನು ನೀವು ಅವಶ್ಯವಾಗಿ ತಿಳಿದುಕೊಳ್ಳಬೇಕು. ಅವರು ಹುಟ್ಟಿದ್ದು 1892ರಲ್ಲಿ. 1923ರಲ್ಲಿ ಪತಿ ತೀರಿಕೊಂಡರು. ಗಂಡ ಸತ್ತ ಹೆಂಗಸು ಮನೆಯ ಮೂಲೆ ಹಿಡಿಯಬೇಕೆಂದು ಸಮಾಜ ಬಯಸುತ್ತಿದ್ದ ಕಾಲವದು. ಅವರು ಮೂಲೆ ಹಿಡಿಯಲಿಲ್ಲ. ಹುಬ್ಬಳ್ಳಿಯಲ್ಲಿ ಭಗಿನಿ ಮಂಡಳ ಕಟ್ಟಿದರು, ಹೆಣ್ಣುಮಕ್ಕಳ ತಿಲಕ ಕನ್ಯಾಶಾಲೆಯನ್ನು ನಡೆಸಿದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಮನೆಮನೆಗೆ ಹೋಗಿ, ವಿಧವೆಯರೂ ಸೇರಿದಂತೆ ಮಹಿಳೆಯರನ್ನು ಸ್ವಯಂಸೇವಕಿಯರನ್ನಾಗಿ ಹೊರಗೆ ಕರೆತಂದರು. 1932ರಲ್ಲಿ ಅವರು ಯೆರವಡಾ ಸೆರೆಮನೆ ಸೇರಿದರು, ಶಾಲೆಗೆ ಸರಕಾರದ ಬೀಗಮುದ್ರೆ ಬಿದ್ದಿತು. ಆದರೂ ಅವರು ಸೇವೆ ಬಿಡಲಿಲ್ಲ. ಹಳ್ಳಿಗಳ ಮಹಿಳೆಯರು ಮತ್ತು ಮಕ್ಕಳಿಗಾಗಿ ಸ್ಥಾಪನೆಯಾದ ಕಸ್ತೂರಬಾ ಸ್ಮಾರಕ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು 1946ರಲ್ಲಿ ಗಾಂಧೀಜಿ ಅವರಿಗೆ ವಹಿಸಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಅವರೇ ತಮ್ಮ ಸುತ್ತಲಿನ ತಾಯಂದಿರು ಮತ್ತು ಮಕ್ಕಳ ನಡುವೆ ಕೆಲಸ ಮಾಡುವಂತೆ ಮಾಡುವುದು ಆ ನಿಧಿಯ ದಾರಿಯಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಉಮಾಬಾಯಿ ಯಾವ ಮಾಸಾಶನವನ್ನೂ ಸನ್ಮಾನವನ್ನೂ ಸ್ವೀಕರಿಸದೆ 1992ರವರೆಗೆ ಹುಬ್ಬಳ್ಳಿಯಲ್ಲಿ ಸರಳವಾಗಿ ಬಾಳಿದರು.

ಅದೇ ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರು ಮತ್ತು ಅವರ ಪತ್ನಿ ನಾಗಮ್ಮನವರು 1930ರ ದಶಕದಲ್ಲಿ ಹರಿಜನ ಬಾಲಿಕಾಶ್ರಮವನ್ನು ನಡೆಸಿದರು. ಮುಂದೆ ಮಹಿಳಾ ವಿದ್ಯಾಪೀಠವಾಗಿ ಬೆಳೆದದ್ದು ಇದೇ ಸಂಸ್ಥೆ. 1856ರಲ್ಲಿ ಸರಕಾರವೇ ಅಂಜಿದ್ದ ಕೆಲಸವನ್ನು ಈ ದಂಪತಿ ಮುಂದೆ ನಿಂತು ಮಾಡಿದರು. ದೂರವಿಡಲ್ಪಟ್ಟಿದ್ದ ಮನೆಗಳ ಹೆಣ್ಣುಮಕ್ಕಳಿಗೆ ಉಣ್ಣಲು, ಮಲಗಲು, ಕಲಿಯಲು ಊರಿನಲ್ಲಿ ಒಂದು ಮರ್ಯಾದೆಯ ಜಾಗ ಸಿಕ್ಕಿತು.

ಮಗುವಿನ ಅಂಗಳಕ್ಕೆ ಬಂದ ಶಾಲೆ

ಇಷ್ಟು ಹೊತ್ತು ನಾವು ನೋಡಿದ್ದು ಶಾಲೆಯ ವಯಸ್ಸಿನ ಮಕ್ಕಳ ಮಾತು. ಆದರೆ ಕೂಡಿ ಬಾಳುವ ಪಾಠ ಆರಂಭವಾಗುವುದು ಅದಕ್ಕಿಂತ ಮುಂಚೆ, ಮೂರು ನಾಲ್ಕು ವರ್ಷಗಳ ವಯಸ್ಸಿನಲ್ಲಿ. ಈ ವಿಚಾರ ಜಗತ್ತಿನಲ್ಲಿ ಬೇರೂರಲು ಒಂದು ಶತಮಾನವೇ ಬೇಕಾಯಿತು. ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದ 1837ರಲ್ಲಿಯೇ ಜರ್ಮನಿಯಲ್ಲಿ ಫ್ರೋಬೆಲ್ ಎಂಬ ಶಿಕ್ಷಕನು ಸಣ್ಣ ಮಕ್ಕಳ ಆಟದ ಶಾಲೆಯನ್ನು ತೆರೆದನು. ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. 1907ರಲ್ಲಿ ಮಾರಿಯಾ ಮಾಂಟೆಸ್ಸರಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ತಮ್ಮ ಮಕ್ಕಳ ಮನೆಯನ್ನು ಆರಂಭಿಸಿದರು. ಅವರ ಕೋಣೆಯಲ್ಲಿ ಒಂದೊಂದು ಉಪಕರಣ ಒಂದೊಂದೇ ಇರುತ್ತಿತ್ತು. ಇನ್ನೊಂದು ಮಗು ಅದನ್ನು ಬಳಸುತ್ತಿದ್ದರೆ ಕಾಯಲೇಬೇಕು. ನಮ್ಮ ಜೋಕಾಲಿಯ ನಿಯಮವೇ ಅಲ್ಲಿಯೂ ಕೆಲಸ ಮಾಡಿತು.

ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಜೊತೆಗೂಡಿ ದುಡಿದ ತಾರಾಬಾಯಿ ಮೋಡಕ್, ಉಮಾಬಾಯಿಯವರಂತೆ 1892ರಲ್ಲಿಯೇ ಹುಟ್ಟಿದವರು. 1945ರಲ್ಲಿ ತಾರಾಬಾಯಿ ಮುಂಬಯಿ ಪ್ರಾಂತದ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲವಾಡಿ ಆರಂಭಿಸಿದರು. ಬಡವರ, ದಲಿತರ ಕೇರಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಆಗ ತಾರಾಬಾಯಿ, ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕು ಎಂದು ನಿಶ್ಚಯಿಸಿ ಆ ಕೇರಿಯ ಅಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿದರು. ಅಂಗಳದಲ್ಲಿ ನಡೆಯುವ ಈ ಶಾಲೆಯೇ 'ಅಂಗನವಾಡಿ'. ಬೋರ್ಡಿಯೂ ಧಾರವಾಡವೂ ಆಗ ಒಂದೇ ಆಡಳಿತದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಧಾರವಾಡ ಜಿಲ್ಲೆ ಅದರಿಂದ ಬೇರ್ಪಟ್ಟು ಈಗಿನ ಕರ್ನಾಟಕಕ್ಕೆ ಸೇರಿತು. ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾಯಿತು.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾರಂಭಿಸಿತು. ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಆ ಯೋಜನೆಯ ಕೇಂದ್ರಕ್ಕೆ ಇಟ್ಟ ಹೆಸರು ಅಂಗನವಾಡಿ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಅದರಲ್ಲಿ ಸೇರಿತು. ಇಂದು ನಮ್ಮ ರಾಜ್ಯದ ಹಳ್ಳಿಹಳ್ಳಿಗಳಲ್ಲಿ, ನಗರದ ಓಣಿಗಳಲ್ಲಿ ಅಂಗನವಾಡಿಗಳಿವೆ. ಅನೇಕ ಜಾತಿ, ಅನೇಕ ಮನೆಮಾತಿನ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಉಣ್ಣಬೇಕೆಂಬುದು ಅದರ ನಿಯಮ. 1856ರ ಬಾಲಕನಿಗೆ ಸಿಗದಿದ್ದ ಚಾಪೆ ಅದು.

ಈ ಕೆಲಸವನ್ನು ನಡೆಸುತ್ತಿರುವವರು ಸಾಮಾನ್ಯವಾಗಿ ಅದೇ ಊರಿನ, ಅದೇ ಓಣಿಯ ಹೆಣ್ಣುಮಕ್ಕಳು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಹಾಜರಿ, ಆಹಾರ, ತೂಕ, ಸಮೀಕ್ಷೆ ಎಂದು ದಾಖಲೆಯ ಕೆಲಸಗಳ ನಡುವೆ ಅವರು ಮಕ್ಕಳೊಡನೆ ಕೂತು ಆಡಲು ಸಮಯ ಹುಡುಕಿಕೊಳ್ಳಬೇಕಾಗಿದೆ. ಮಕ್ಕಳ ನಡವಳಿಕೆ ಕೆಟ್ಟಿತೆಂದು ದೂರುವ ಸಮಾಜವು, ಅದನ್ನು ತಿದ್ದುವವರ ಸ್ಥಿತಿಯನ್ನೂ ಕೇಳಬೇಡವೇ?

ಆಟವನ್ನು ಗಮನಿಸಿದವರು

ಸಣ್ಣ ಮಕ್ಕಳು ಹೇಗೆ ಕೂಡಿ ಆಡಲು ಕಲಿಯುತ್ತಾರೆ ಎಂಬುದನ್ನು ಶಾಸ್ತ್ರೀಯವಾಗಿ ಗಮನಿಸಿದವರಲ್ಲಿ ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಪ್ರಮುಖರು. 1932ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆಟದ ಹಂತಗಳ ವಿವರವಿದೆ. ಮಗು ಮೊದಲು ಒಂಟಿಯಾಗಿ ಆಡುತ್ತದೆ ಅಥವಾ ಬೇರೆಯವರ ಆಟ ನೋಡುತ್ತ ನಿಲ್ಲುತ್ತದೆ. ಆಮೇಲೆ ಇನ್ನೊಂದು ಮಗುವಿನ ಪಕ್ಕದಲ್ಲಿ ಕುಳಿತು ತನ್ನದೇ ಆಟ ಆಡುತ್ತದೆ. ನಂತರ ವಸ್ತುಗಳನ್ನು ಕೊಟ್ಟು ತೆಗೆದುಕೊಳ್ಳುತ್ತದೆ. ಕೊನೆಗೆ ಕೆಲಸ ಹಂಚಿಕೊಂಡು ಒಂದೇ ಆಟ ಕಟ್ಟುತ್ತದೆ. ನಮ್ಮ ಗುರ್ಜಿ ಆಟವು ಈ ಕೊನೆಯ ಹಂತದ ಒಳ್ಳೆಯ ಉದಾಹರಣೆ.

ಈ ತಿಳಿವಳಿಕೆಯಿಂದ ಒಂದು ಪ್ರಯೋಜನವಿದೆ. ಎರಡು ವರ್ಷದ ಮಗು ತನ್ನ ಗೊಂಬೆ ಕೊಡಲಿಲ್ಲವೆಂದು ಅದನ್ನು ಸ್ವಾರ್ಥಿ ಎಂದು ಬೈಯಬೇಕಾಗಿಲ್ಲ. ಅದರ ವಯಸ್ಸು ಪಕ್ಕದಲ್ಲಿ ಕೂತು ಆಡುವ ವಯಸ್ಸು. ನೋಡುತ್ತ ನಿಂತ ಮಗು ದಡ್ಡನೂ ಅಲ್ಲ. ಅದು ಆಟವನ್ನು ಓದುತ್ತಿರುತ್ತದೆ.

ಅಮೆರಿಕದ ಯಿಪ್ಸಿಲಾಂಟಿ ಊರಿನಲ್ಲಿ 1962ರಲ್ಲಿ ಪೆರಿ ಶಾಲಾಪೂರ್ವ ಪ್ರಯೋಗ ಆರಂಭವಾಯಿತು. ಬಡ ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳಿಗೆ ಉತ್ತಮ ಶಿಶುಶಿಕ್ಷಣ ಕೊಟ್ಟು, ಎಲ್ಲರನ್ನೂ ನಡುವಯಸ್ಸಿನವರೆಗೆ ಗಮನಿಸಲಾಯಿತು. ಬುದ್ಧಿ ಪರೀಕ್ಷೆಯ ಅಂಕಗಳಲ್ಲಿ ಕಂಡ ಮುನ್ನಡೆ ಕೆಲವು ವರ್ಷಗಳಲ್ಲಿ ಕರಗಿಹೋಯಿತು. ಆದರೆ ಶಾಲೆ ಮುಗಿಸುವುದು, ಉದ್ಯೋಗದಲ್ಲಿ ನಿಲ್ಲುವುದು, ಅಪರಾಧದಿಂದ ದೂರವಿರುವುದು ಇವುಗಳಲ್ಲಿ ಆ ಮಕ್ಕಳು ಮುಂದೆಯೇ ಉಳಿದರು. ಬಾಲ್ಯದಲ್ಲಿ ಕಲಿತ ಅಂಕಿ-ಅಕ್ಷರಕ್ಕಿಂತ ನಡವಳಿಕೆ ಹೆಚ್ಚು ಕಾಲ ಉಳಿಯಿತೆಂದು ಸಂಶೋಧಕರು ಇದನ್ನು ವಿವರಿಸಿದ್ದಾರೆ. ನಮ್ಮ ರಾಷ್ಟ್ರೀಯ ಶಿಕ್ಷಣ ನೀತಿಯೂ 2020ರಲ್ಲಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಕಲಿಕೆಯ ಬುನಾದಿ ಹಂತವೆಂದು ಗುರುತಿಸಿತು.

ಅದೇ 2020ರಲ್ಲಿ ಕೋವಿಡ್ ಬಂದು ಅಂಗನವಾಡಿಗಳು ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಮುಚ್ಚಿದವು. ಆಹಾರವನ್ನು ಮನೆಗೆ ಮುಟ್ಟಿಸಲು ಸಾಧ್ಯವಾಯಿತು. ಆದರೆ ಇನ್ನೊಂದು ಮಗುವಿನ ಸಂಗವನ್ನು ಯಾರೂ ಪೊಟ್ಟಣ ಕಟ್ಟಿ ಮನೆಗೆ ಕೊಡಲಾರರು. ಮೊಬೈಲಿನ ತೆರೆಯೂ ಕೊಡಲಾರದು. ತೆರೆಯ ಮೇಲಿನ ಗೊಂಬೆ ಮಗುವಿನ ಪಾಳಿಯನ್ನು ಎಂದೂ ಕಸಿಯುವುದಿಲ್ಲ, ಸಿಟ್ಟಾಗುವುದಿಲ್ಲ, ಅಳುವುದಿಲ್ಲ. ಆದ್ದರಿಂದ ಅದರೊಡನೆ ಆಡಿ ಮಗು ರಾಜಿಯಾಗುವುದನ್ನು ಕಲಿಯುವುದಿಲ್ಲ.

ಈಗ ನಿಮ್ಮ ಪಾಳಿ

ಮಿತ್ರರೇ, ಇದೆಲ್ಲ ತಾಯಿ ತಂದೆಯರ, ಶಿಕ್ಷಕರ ಕೆಲಸ, ನಮಗೇನು ಎಂದು ನೀವು ಭಾವಿಸಬೇಡಿ. ಮನೆಯಲ್ಲಿ ತಮ್ಮನೋ ತಂಗಿಯೋ, ಅಕ್ಕನ ಮಗುವೋ ಇರಬಹುದು. ಸಣ್ಣ ಮಕ್ಕಳು ತಾಯಿ ತಂದೆಯರಿಗಿಂತ ಹೆಚ್ಚಾಗಿ ತಮಗಿಂತ ಸ್ವಲ್ಪ ದೊಡ್ಡವರನ್ನು ಅನುಸರಿಸುವುದುಂಟು. ಬಳ್ಳಾರಿಯ ಹಳೆಯ ಶಾಲೆಗಳಲ್ಲಿ ಕಿರಿಯರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದವರು ನಿಮ್ಮಂಥವರೇ.

ಎರಡು ಮಕ್ಕಳು ಜಗಳವಾಡಿದಾಗ ಒಡನೆಯೇ ನ್ಯಾಯಾಧೀಶರಾಗಬೇಡಿ. ಪೆಟ್ಟಾಗದಂತೆ ನೋಡಿಕೊಂಡು, ಏನಾಯಿತೆಂದು ಇಬ್ಬರಿಂದಲೂ ಹೇಳಿಸಿರಿ. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಬೇಕು, ಅದೂ ಒಂದು ಪಾಳಿಯೇ. ಕಾಯಲು ಹೇಳುವಾಗ ಎಷ್ಟು ಕಾಯಬೇಕೆಂಬುದನ್ನೂ ಹೇಳಿರಿ. 'ಆಮ್ಯಾಲ' ಎಂದರೆ ಮಗುವಿಗೆ ತಿಳಿಯುವುದಿಲ್ಲ. 'ಹತ್ತು ಎಣಿಸೂತನಕ' ಎಂದರೆ ತಿಳಿಯುತ್ತದೆ. ಹೇಳಿದ ಮೇಲೆ ಮಾತಿಗೆ ತಪ್ಪಬೇಡಿ. ಕೊಟ್ಟ ಮಾತಿನಂತೆ ಪಾಳಿ ಬಾರದಿದ್ದರೆ ಮಗು ಕಲಿಯುವುದು ತಾಳ್ಮೆಯನ್ನಲ್ಲ, ಅಪನಂಬಿಕೆಯನ್ನು. ಧಾರವಾಡದ ಆ ಬಾಲಕನಿಗೆ ಕಾಯಲು ಹೇಳಿದವರು ಎಷ್ಟು ದಿನವೆಂದು ಹೇಳಿರಲಿಲ್ಲ ಎಂಬುದನ್ನು ನೆನಪಿಡಿ.

ನಾಚಿಕೆಯ ಮಗುವನ್ನು ಎಲ್ಲರ ಮುಂದೆ ಹಾಡು ಎಂದು ಒತ್ತಾಯಿಸಬೇಡಿ. ಬಟ್ಟಲು ಹಂಚುವ, ಚಾಪೆ ಹಾಸುವ ಸಣ್ಣ ಕೆಲಸ ಕೊಡಿ. ಕೆಲಸದ ನೆಪದಲ್ಲಿ ಅದು ತಾನಾಗಿ ಹತ್ತು ಮಂದಿಯ ಬಳಿಗೆ ಹೋಗುತ್ತದೆ. ಸಿಟ್ಟು, ಹೆದರಿಕೆ, ಬೇಸರ ಎಂಬ ಮಾತುಗಳನ್ನು ಕಲಿಸಿ. ಹೆಸರು ಗೊತ್ತಾದ ಸಿಟ್ಟು ಕೈಯಲ್ಲಿ ಬರುವುದಕ್ಕಿಂತ ಬಾಯಲ್ಲಿ ಬರುತ್ತದೆ. ಲಗೋರಿ, ಗಜಗ, ಬುಗುರಿ, ಚಿಣಿಪಣಿ - ನಿಮಗೆ ಗೊತ್ತಿರುವ ಆಟಗಳನ್ನು ಓಣಿಯ ಚಿಕ್ಕವರಿಗೆ ಕಲಿಸಿರಿ. ನಿಮಗೇ ಗೊತ್ತಿಲ್ಲದಿದ್ದರೆ ಅಜ್ಜ-ಅಮ್ಮನನ್ನು ಕೇಳಿರಿ. ಅವರಿಗೆ ಅದಕ್ಕಿಂತ ಸಂತೋಷದ ಪ್ರಶ್ನೆ ಇನ್ನೊಂದಿರಲಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ಆಟ ಆರಂಭವಾಗುವ ಮುನ್ನ ಸುತ್ತ ಒಮ್ಮೆ ನೋಡಿರಿ. ಗೋಡೆಯ ಪಕ್ಕಕ್ಕೆ, ಗೇಟಿನ ಹೊರಗೆ, ಕಟ್ಟೆಯ ತುದಿಯಲ್ಲಿ ಯಾವುದಾದರೂ ಮಗು ನಿಂತಿದೆಯೇ? ಬೇರೆ ಕೇರಿಯದಿರಬಹುದು, ಬೇರೆ ಭಾಷೆಯದಿರಬಹುದು, ಕಾಲು ಊನವಾಗಿರಬಹುದು, ಕಟ್ಟಡ ಕೆಲಸಕ್ಕೆ ಬಂದವರ ಮಗುವಿರಬಹುದು. ಅದರ ಹೆಸರು ಕೇಳಿ ಸಾಲಿನಲ್ಲಿ ನಿಲ್ಲಿಸಿರಿ. ನಿಮ್ಮ ಸುತ್ತಲಿನ ಚಿಕ್ಕವರು ನಿಮ್ಮನ್ನು ನೋಡುತ್ತಿರುತ್ತಾರೆ. ಸಾಲು ಎಂದರೆ ಎಲ್ಲರೂ ನಿಲ್ಲಬಹುದಾದ ಸಾಲು ಎಂಬುದನ್ನು ಅವರು ಆ ದಿನ ನಿಮ್ಮಿಂದ ಕಲಿಯುತ್ತಾರೆ.